ಅರವತ್ತೊಂದನೇ ಸೀಟು

ರೈಲು ಪಾಸ್ ಕೈಗೆ ಬಂದ ದಿನದಿಂದ ಎಂಗೆಲ್‌ಬರ್ಟನ ಎದೆ ಅವನೇ ಹೊಲಿದುಕೊಂಡ ಕೋಟಿನಲ್ಲಿ ಹಿಡಿಸುತ್ತಿರಲಿಲ್ಲ. ಆಸ್ಟ್ರಿಯದ ಲಿಯೋಬೆನ್ ಊರಿನ ದರ್ಜಿ ಅವನು. ಇದೊಂದಿದ್ದರೆ ಆಸ್ಟ್ರಿಯ, ಇಟಲಿ, ಸ್ಲೊವೇನಿಯ ಎಲ್ಲ ನಮ್ಮ ಹಿತ್ತಲಿದ್ದ ಹಾಗೆ ಎಂದು ಗಿರಾಕಿಗಳಿಗೆ ಅಳತೆ ತೆಗೆಯುತ್ತಲೇ ಕೊಚ್ಚಿಕೊಂಡಿದ್ದ. ಪಾಸ್ ಇದ್ದರೂ ಸೀಟನ್ನು ಬೇರೆಯಾಗಿ ಕಾದಿರಿಸಬೇಕು ಎಂಬ ಸಂಗತಿಯನ್ನು ಅವನ ತಲೆ ಮಾತ್ರ ಒಪ್ಪಿರಲಿಲ್ಲ. ಹಾಗಾಗಿ ಎರಡು ಸಲ ಗಾಡಿ ಅವನನ್ನು ಪ್ಲಾಟ್‌ಫಾರಂ ಮೇಲೆಯೇ ಬಿಟ್ಟು ಹೋಗಿತ್ತು. ಎರಡು ಸಲವೂ ಇಟಲಿಯ ಉಡೀನೆಯಲ್ಲಿ ಓರ್ನೆಲ್ಲಾ ಅಡುಗೆ ಮಾಡಿಟ್ಟುಕೊಂಡು ಕಾದಿದ್ದಳು. ಅವನು ಮನಸೋತಿದ್ದ, ಬೇಕರಿ ನಡೆಸುವ ವಿಧವೆ. ಹಿಟ್ಟು ನಾದಿದ ಕೈ. ಮೂರನೇ ಸಲ ತಪ್ಪಿದರೆ ಮುಖ ತೋರಿಸಬೇಡಿ ಎಂದು ಮೆಲ್ಲಗೇ ಹೇಳಿದ್ದಳು. ಅದೇ ಅವನನ್ನು ಹೆದರಿಸಿದ್ದು.

ಈ ಸಲ ಸೀಟು ಕಾದಿರಿಸಿ, ಚೀಟಿಯ ಫೋಟೋ ತೆಗೆದು ಅವಳಿಗೂ ಕಳಿಸಿದ. ಪಾಸಿನಲ್ಲಿ ಉಳಿದಿದ್ದ ಕೊನೆಯ ದಿನವೂ ಅದೇ. ಗಾಡಿ ಹತ್ತಿದವನೇ ಅರವತ್ತೊಂದನೇ ಸೀಟು ಹುಡುಕಿ, ಕೋಟು ತೂಗುಹಾಕಿ, ಬೂಟು ಬಿಚ್ಚಿ, ಹೊಸ ಮದುಮಗನ ಹಾಗೆ ಕುಳಿತ.

ಸ್ವಲ್ಪ ಹೊತ್ತಿಗೆ ಛತ್ರಿ ಹಿಡಿದ ಒಬ್ಬ ಬಡಕಲು ಮನುಷ್ಯ ಬಂದು ನಿಂತ. ಬೊಗೊಮಿರ್ ಎಂದು ಹೆಸರು.

"ಸ್ವಾಮಿ, ಇದು ನನ್ನ ಸೀಟು ಅನ್ಸುತ್ತೆ."

"ಅನ್ನಿಸಿದವರಿಗೆಲ್ಲ ಎದ್ದು ಕೊಡ್ತಾ ಹೋದ್ರೆ ನಾನು ಛಾವಣಿ ಮೇಲೆ ಕೂರ್ಬೇಕಾಗುತ್ತೆ," ಎಂದ ಎಂಗೆಲ್‌ಬರ್ಟ್.

ಎದುರಿಗೆ ಗಸಗಸೆ ಕೇಕ್ ಬಿಚ್ಚಿಕೊಂಡು ಕೂತಿದ್ದ ವಾಲ್‌ಬುರ್ಗಾ ಎಂಬ ದಪ್ಪ ಹೆಂಗಸು, ಯಾರೂ ಕೇಳದಿದ್ದರೂ, ಇಬ್ಬರ ಚೀಟಿಯನ್ನೂ ಕಸಿದುಕೊಂಡು ಪಂಚಾಯಿತಿಗೆ ಕೂತಳು. ಎರಡರಲ್ಲೂ ಅರವತ್ತೊಂದೇ. ಆದರೆ ಎಂಗೆಲ್‌ಬರ್ಟನದು ಏಳನೇ ಬೋಗಿ, ಇದು ಎಂಟನೆಯದು.

ಎಂಗೆಲ್‌ಬರ್ಟ್ ತನ್ನ ಬೂಟಿನ ಕಡೆ ನೋಡಿದ. ಮತ್ತೆ ಹಾಕಿಕೊಳ್ಳಬೇಕಲ್ಲ ಎಂಬ ಯೋಚನೆಗೇ ಸೊಂಟ ಹಿಡಿದಂತಾಯಿತು.

"ಏಳಾದ್ರೇನು, ಎಂಟಾದ್ರೇನು? ಎರಡೂ ಒಂದೇ ಗಾಡಿ ತಾನೆ? ನೀವೇ ಅಲ್ಲಿಗೆ ಹೋಗಿ ಕೂತ್ಕೊಳ್ಳಿ."

ಕೂತವರನ್ನು ಎಬ್ಬಿಸುವುದು ಪಾಪ ಎಂದು ವಾಲ್‌ಬುರ್ಗಾ ತೀರ್ಪು ಕೊಟ್ಟಳು. ಅಕ್ಕಪಕ್ಕದವರೂ ತಲೆಯಾಡಿಸಿದರು. ಬೊಗೊಮಿರ್ ಚೀಟಿ ಬದಲಾಯಿಸಿಕೊಂಡು, ಥ್ಯಾಂಕ್ಸ್ ಬೇರೆ ಹೇಳಿ, ಏಳನೇ ಬೋಗಿಗೆ ಹೋದ.

ಗೆದ್ದ ಹುರುಪಿನಲ್ಲಿ ಎಂಗೆಲ್‌ಬರ್ಟ್ ಓರ್ನೆಲ್ಲಾಳ ಕಣ್ಣು, ಕೈ, ಮಾಡುವ ರೊಟ್ಟಿ ಎಲ್ಲವನ್ನೂ ವರ್ಣಿಸಿದ. ವಾಲ್‌ಬುರ್ಗಾ ತನ್ನ ಮೂವರು ಗಂಡಂದಿರನ್ನು ಒಬ್ಬೊಬ್ಬರಾಗಿ ಬಯ್ದಳು. ಈ ಗದ್ದಲದಲ್ಲಿ ಮೈಕಿನಲ್ಲಿ ಏನೋ ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಫಿಲಾಖ್ ನಿಲ್ದಾಣದಲ್ಲಿ ಗಾಡಿ ಒಮ್ಮೆ ಜಗ್ಗಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಹೊರಟಿತು. ಒಂದು ಉದ್ದನೆಯ ಸುರಂಗ ಬಂತು. ಅದು ಮುಗಿದದ್ದೇ ತಡ, ಎಂಗೆಲ್‌ಬರ್ಟನ ಫೋನು ಕಿಣಿಕಿಣಿ ಎಂದು ಮೆಸೇಜು ತೋರಿಸಿತು.

'ಸ್ಲೊವೇನಿಯಕ್ಕೆ ಸ್ವಾಗತ.'

ಪಾಸ್ ನೋಡಲು ಬಂದ ಕಂಡಕ್ಟರ್ ವಿವರಿಸಿದ: ಫಿಲಾಖ್‌ನಲ್ಲಿ ಗಾಡಿ ಎರಡು ಭಾಗವಾಗುತ್ತದೆ, ಏಳನೇ ಬೋಗಿಯವರೆಗಿನದು ಇಟಲಿಗೆ, ಎಂಟರಿಂದ ಹಿಂದಿನದು ಸ್ಲೊವೇನಿಯದ ಲ್ಯುಬ್ಲ್ಯಾನಾಕ್ಕೆ.

"ಮೊದಲೇ ಹೇಳೋದಲ್ವಾ?" ಎಂದು ಎಂಗೆಲ್‌ಬರ್ಟ್ ವಾಲ್‌ಬುರ್ಗಾಳ ಮೇಲೆ ಹರಿಹಾಯ್ದ.

"ಅವಳ ಕಣ್ಣು ಹೇಗಿದೆ ಅಂದ್ರಿ, ಕೈ ಹೇಗಿದೆ ಅಂದ್ರಿ. ಊರು ಯಾವುದು ಅಂತ ಹೇಳಿದ್ರಾ?" ಎಂದಳು ಅವಳು, ಕೇಕಿನ ಪುಡಿ ಕೊಡವಿಕೊಳ್ಳುತ್ತ.

ನಡುವೆ ಇಳಿಯಬೇಡಿ, ಲ್ಯುಬ್ಲ್ಯಾನಾದಲ್ಲಿ ಬೇಕಾದಷ್ಟು ಗಾಡಿಗಳಿವೆ ಎಂದು ಧೈರ್ಯ ಕೊಟ್ಟವಳೂ ಅವಳೇ. ಅಲ್ಲಿ ಇಳಿದು ಕೇಳಿದರೆ ಇಟಲಿಯ ಕಡೆಗೆ ಆ ದಿನ ಒಂದು ಸೀಟೂ ಇರಲಿಲ್ಲ. ನಾಳೆಗಂತೂ ಪಾಸೇ ಇರಲಿಲ್ಲ. ಓರ್ನೆಲ್ಲಾ ಫೋನ್ ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಬೀರುವಿನಂಥ ಒಬ್ಬ ಮುದುಕಿ ನಿಂತಿದ್ದ ಗಾಡಿಯ ಬೋಗಿ ಬೋಗಿ ಇಣುಕಿ, ನನ್ನ ಅಳಿಯ ಬೊಗೊಮಿರ್ ಎಲ್ಲಿ ಎಂದು ಕೂಗಾಡುತ್ತ ಬಂದಳು. ಮಾರ್ಯೇತಾ ಎಂದು ಅವಳ ಹೆಸರು. ಅವನ ಜೊತೆಗೇ ಇಳಿದಿದ್ದ ವಾಲ್‌ಬುರ್ಗಾ ಬೆರಳು ತೋರಿಸಿ ನೆರವಾದಳು. "ನಿಮ್ಮ ಅಳಿಯನ ಸೀಟು ತಗೊಂಡವರು ಇವ್ರೇ."

ಮಾರ್ಯೇತಾ ಎಂಗೆಲ್‌ಬರ್ಟನನ್ನು ಹೋರಿಯನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ಭುಜ ಪರವಾಗಿಲ್ಲ. ಅವನ ಸೀಟು ತಗೊಂಡ ಮೇಲೆ ಅವನ ಕೆಲಸಾನೂ ನೀವೇ ಮಾಡ್ಬೇಕು. ಮಲಗೋಕೆ ಜಾಗ ಕೊಡ್ತೀನಿ."

ಕೆಲಸವೆಂದರೆ ಅವಳ ಎರಕದ ಕಬ್ಬಿಣದ ಒಲೆಯನ್ನು, ಅಳಿಯನೇ ಹುಡುಕಿಕೊಟ್ಟಿದ್ದ ಹೊಸ ಮನೆಯ ನಾಲ್ಕನೇ ಮಹಡಿಗೆ ಏರಿಸುವುದು. ಅರ್ಧದಷ್ಟು ಮೆಟ್ಟಿಲು ಹತ್ತಿ, ಒಲೆಯನ್ನು ಎದೆಗೆ ಅಪ್ಪಿಕೊಂಡು ಬೆವರುತ್ತಿದ್ದಾಗ ಕೊನೆಗೂ ಓರ್ನೆಲ್ಲಾಳ ಫೋನು ಬಂತು. ಮಾರ್ಯೇತಾಳೇ ಅದನ್ನು ಅವನ ಕಿವಿಗೆ ಹಿಡಿದಳು.

"ಏಳನೇ ಬೋಗಿ ಬಾಗಿಲಲ್ಲಿ ನಿಂತು ಕಾದೆ," ಎಂದಳು ಓರ್ನೆಲ್ಲಾ. "ನಿಮ್ಮ ಸೀಟಿಂದ ಇನ್ಯಾರೋ ನಿದ್ದೆಗಣ್ಣಲ್ಲಿ ಇಳಿದ್ರು. ಅಡುಗೆ ಹಾಳಾಗ್ಬಾರ್ದು ಅಂತ ಮನೆಗೆ ಕರ್ಕೊಂಡು ಬಂದೆ. ಎಲ್ಲಾ ಹೇಳಿದ್ರು. ನೀವಿನ್ನು ಬರೋದು ಬೇಡ. ಅವ್ರೇನೋ ಮಾತಾಡ್ಬೇಕಂತೆ, ಕೊಡ್ತೀನಿ."

ಅತ್ತ ಕಡೆಯಿಂದ ಏನನ್ನೋ ಮೆಲ್ಲುವ ಸದ್ದು ಕೇಳಿಸಿತು. ಇತ್ತ ಮಾರ್ಯೇತಾ, ಒಲೆ ಬಿಟ್ಟೀರಿ ಜೋಕೆ ಎಂದು ಗದರಿದಳು. ಆಮೇಲೆ ಬೊಗೊಮಿರನ ವಿನಯದ ದನಿ.

"ಸ್ವಾಮಿ, ಮೂರನೇ ಮಹಡಿ ತಿರುವಲ್ಲಿ ಒಲೇನ ಸ್ವಲ್ಪ ಎಡಕ್ಕೆ ವಾಲಿಸಿ. ಇಲ್ದಿದ್ರೆ ಬೆರಳು ಸಿಕ್ಕಿಹಾಕ್ಕೊಳ್ಳುತ್ತೆ."