ಎರಡು ಮೂಟೆ ಕೆರೆಗೋಡು

"ಇನ್ನು ಮೇಲೆ ನನ್ನ ಟಿಲ್ಲರಿನ ಬೋಲ್ಟಿಗೆ ಪರರ ಸ್ಪ್ಯಾನರ್ ಸೋಂಕಕೂಡದು!"

ಆ ಭಾನುವಾರ ಬೆಳಿಗ್ಗೆ ಬಾಗೂರಿನ ಕಾಂತರಾಜುವಾದ ನಾನು ಹಿತ್ತಲಲ್ಲಿ ನಿಂತು ಹೀಗೆಂದು ಘೋಷಿಸಿದೆ. ಆಯಿಲ್ ಬದಲಾಯಿಸಬೇಕಿದ್ದ ಮೆಕ್ಯಾನಿಕ್ ಅನಿಲ್‌ಕುಮಾರ ಮೂರು ದಿನದಿಂದ "ಬಂದೆ, ಬಂದೆ" ಎಂದು ಫೋನಿನಲ್ಲೇ ಬರುತ್ತಿದ್ದ. ನಾನೋ, ಮೊಬೈಲಿನಲ್ಲಿ ಏಳು ನಿಮಿಷದ ವಿಡಿಯೋ ನೋಡಿದ್ದೆ. ಅದೂ ಎರಡು ಸಲ!

"ರೀ, ಅವ್ನು ಬರಗಂಟ ಮುಟ್ಬ್ಯಾಡಿ. ಪಕ್ದಲ್ಲೇ ನನ್ ಕನಕಾಂಬ್ರ ಐತೆ," ಎಂದಳು ಹೆಂಡತಿ ರೂಪಶ್ರೀ.

"ಒಂದ್ ತೊಟ್ಟು ಕೆಳಕ್ ಬಿದ್ರೆ ಕೇಳು!"

ಅವಳು ಅಂಗಡಿಗೆ ಹೋದಳು. ನಾನು ಟಿಲ್ಲರಿನ ಕೆಳಗೆ ಬಾಂಡ್ಲಿ ಇಟ್ಟು ಬೋಲ್ಟ್ ಬಿಚ್ಚಿದೆ. ವಿಡಿಯೋದಲ್ಲಿ ಆಯಿಲ್ ವಿನಯದಿಂದ ಕೆಳಗಿಳಿದಿತ್ತು. ನಮ್ಮದು ಮುಂದಕ್ಕೆ ಹಾರಿತು! ಬಾಂಡ್ಲಿಯನ್ನು ದಾಟಿ, ನನ್ನ ಬನಿಯನ್ನಿಗೆ ಅಭಿಷೇಕ ಮಾಡಿ, ನೇರ ಕನಕಾಂಬರದ ಮಡಿಯತ್ತ ದಂಡಯಾತ್ರೆ ಹೊರಟಿತು. ಬೋಲ್ಟ್ ಕೈಜಾರಿ ಎಲ್ಲೋ ಮಾಯವಾಯಿತು.

ಆ ಸಸಿಗಳನ್ನು ರೂಪಶ್ರೀ ಹಳ್ಳಿಮೈಸೂರಿನ ತವರಿನಿಂದ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. ಅವಕ್ಕೆ ಏನಾದರೂ ಆದರೆ ನನ್ನ ಗತಿ! ನಿಜವಾಗಿಯೂ ಹೆದರಿದೆ.

ಒಂದು ಪೊಟ್ಟಣ ಸೋಪಿನ ಪುಡಿ ಸುರಿದು ನಾಲ್ಕು ಕೊಡ ನೀರು ಹುಯ್ದೆ. ಒಂದು ಮಾರಿದ್ದ ಕಲೆ ಮೂರು ಮಾರಾಯಿತು, ಮೇಲೆ ನೊರೆ ಬೇರೆ! ಕೊನೆಗೆ ಗುದ್ದಲಿ ಹಿಡಿದು ಕಪ್ಪಾದ ಮಣ್ಣನ್ನೆಲ್ಲ ಕೆತ್ತಿ, ಎರಡು ಗೊಬ್ಬರದ ಚೀಲಕ್ಕೆ ತುಂಬಿ, ಕೊಟ್ಟಿಗೆಯ ಗೋಡೆಗೆ ಒರಗಿಸಿದೆ. ಹಳ್ಳಕ್ಕೆ ಬೇರೆ ಮಣ್ಣು ಎಳೆದು ಸ್ನಾನಕ್ಕೆ ಓಡಿದೆ.

ಬಚ್ಚಲಿನಿಂದ ಬರುವಷ್ಟರಲ್ಲಿ ರೂಪಶ್ರೀ ಚೀಲದ ಮುಂದೆ ನಿಂತಿದ್ದಳು.

"ಅಯ್ಯೋ, ಕೆರೆಗೋಡು ತಂದ್ಬುಟ್ರಾ! ಎಲ್ಡ್ ವರ್ಸದಿಂದ ಬಡ್ಕತಿದ್ದೆ ಕಣ್ರೀ!"

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಕಪ್ಪು ಗೋಡನ್ನು ಗಿಡಗಳಿಗೆ ಹೊತ್ತು ತರುವುದು ನಮ್ಮ ಕಡೆ ರೂಢಿ. ಊರೆಲ್ಲ ತಂದರೂ ನಾನು ತಂದವನಲ್ಲ. ಈಗ ನೋಡಿದರೆ ನನ್ನ ಆಯಿಲ್ ಮಣ್ಣು ಕಪ್ಪಗೆ, ಜಿಗುಟಾಗಿ, ಅಪ್ಪಟ ಕೆರೆಗೋಡಿನ ಹಾಗೇ ಕಾಣುತ್ತಿತ್ತು!

"ಹೂಂ ಕಣೆ... ಎಲ್ಲಾ ನಿಂಗೋಸ್ಕರ," ಎಂದಿತು ನನ್ನ ಪಾಪಿ ನಾಲಿಗೆ.

ಮಧ್ಯಾಹ್ನ ನನಗೆ ರಾಜಮರ್ಯಾದೆ. ಬಿಸಿಬಿಸಿ ಒತ್ತುಶಾವಿಗೆ, ಕಾಯಿಹಾಲು! ಮೂರನೇ ಸಲ ಬಡಿಸುತ್ತಾ ಅವಳೆಂದಳು: "ಸಂಜೆ ಡೈರಿಗೆ ಆಲ್ ಆಕ್ಬಂದು, ಎಲ್ಡೂ ಚೀಲ ಕನಕಾಂಬ್ರದ ಬುಡಕ್ಕೆ ಸುರ್ದ್ಬುಡ್ತೀನಿ."

ನಾನು ಶಾವಿಗೆ ಕಲಸುತ್ತಲೇ ಕೆರೆಯ ದಾರಿ ಲೆಕ್ಕ ಹಾಕತೊಡಗಿದೆ.

ಅವಳು ಹಾಲಿನ ಕ್ಯಾನ್ ಹಿಡಿದು ಹೊರಟದ್ದೇ ತಡ, ನಾನು ಮೊಪೆಡ್ ಹತ್ತಿ ಕೆರೆಗೆ ದೌಡಾಯಿಸಿದೆ. ಅಸಲಿ ಗೋಡು ತಂದು ಚೀಲ ಅದಲುಬದಲು ಮಾಡುವುದು ನನ್ನ ಮಹಾಯೋಜನೆ. ಅಲ್ಲಿ ಪಕ್ಕದ ಮನೆಯ ದೇವಯ್ಯ ಟ್ರೈಲರಿಗೆ ಗೋಡು ತುಂಬುತ್ತಿದ್ದ.

"ಏನ್ ಕಾಂತರಾಜಣ್ಣ, ಬೆಳಿಗ್ಗೇನೇ ಎಲ್ಡ್ ಮೂಟೆ ತಗಂಡೋದ್ರಂತೆ? ಅಕ್ಕ ಏಳ್ತಿದ್ರು. ನಾನಿಲ್ಲೇ ಇದ್ನಲ್ಲ, ಕಾಣ್ಲೇ ಇಲ್ಲ!"

"ಆ ಕಡೆ ಏರಿಯಿಂದ ಬಂದಿದ್ದೆ ಕಣಯ್ಯ," ಎಂದು ಮುಖ ತಗ್ಗಿಸಿ ಅಗೆದೆ. ಸೊಂಟ ಲಟಕ್ಕೆಂದಿತು. ಎರಡು ಮೂಟೆ ಹೇರಿಕೊಂಡು, ಬೆವರು ಸುರಿಸುತ್ತಾ ಹಿತ್ತಲಿಗೆ ಬಂದರೆ ರೂಪಶ್ರೀ ಆಗಲೇ ಹಾಜರ್!

"ಬಂದ್ರಾ? ಇಲ್ಲೇ ಮಡಿ ಅತ್ರ ಇಳುಸ್ರಿ," ಎಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಫಳಫಳ ತೊಳೆದಿಟ್ಟ ಬೋಲ್ಟ್!

"ನಿಮ್ ಬೆಳಿಗ್ಗೆ ಕೆರೆಗೋಡಲ್ಲಿ ಸಿಕ್ತು. ಸೋಪಿನ್ ವಾಸ್ನೆ ಬೇರೆ. ನಮ್ ಕೆರೇಲಿ ಯಾರಪ್ಪ ಟಿಲ್ಲರ್ ತೊಳ್ದವ್ರು ಅಂದ್ಕಂಡೆ."

"ಯಾ... ಯಾವಾಗ ಸಿಕ್ತು?"

"ನೀವು ಬಚ್ಚಲಲ್ಲಿದ್ದಾಗ."

"ಗೊತ್ತಿದ್ದೂ ಒತ್ತುಶಾವಿಗೆ ಯಾಕ್ ಮಾಡ್ದೆ?"

"ಎಲ್ಡ್ ಮೂಟೆ ಒರಕ್ಕೆ ಸಕ್ತಿ ಬ್ಯಾಡ್ವಾ ನಿಮ್ಗೆ?"

ನಾನು ಮೊಪೆಡ್ಡಿಗೇ ಒರಗಿದೆ. ಅವಳು ಹಳೆಯ ಚೀಲಗಳತ್ತ ಕೈ ತೋರಿಸಿದಳು: "ಇವುನ್ನ ಅನಿಲ್‌ಕುಮಾರಂಗೆ ಕೊಡ್ಬೇಕಂತೆ, ಹಳೇ ಆಯಿಲ್ ಡ್ರಮ್ ಜೊತೆ ಸಾಗಾಕ್ತಾನೆ. ಫೋನ್ ಮಾಡಿವ್ನಿ, ನಾಳೆ ಅವ್ನೇ ಬಂದು ಬೋಲ್ಟ್ ಆಕ್ತಾನೆ."

ಕನಕಾಂಬರ ಬದುಕಿತು. ನಾನೂ ಬದುಕಿದೆ. ಗಿಡಗಳ ಬುಡಕ್ಕೆ ಗೋಡು ಹರಡಿ ಇಬ್ಬರೂ ಕೈ ತೊಳೆದುಕೊಂಡೆವು. ಮಡಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ ರೂಪಶ್ರೀ ಮೆಲ್ಲಗೆ ಕೇಳಿದಳು:

"ರೀ, ಇನ್ನೆಲ್ಡ್ ಮೂಟೆ ಗೋಡು ಬೇಕಿತ್ತು. ಟಿಲ್ಲರಲ್ಲಿ ಆಯಿಲ್ ಏನಾರಾ ಉಳ್ದೈತಾ?"