ನಾನು ಕರ್ನೆಲ್ ಕಟ್ಟಿದ ಶುಕ್ರವಾರ

ಹೆಂಗಸರಿಗೆ ಒಂದು ಹವ್ಯಾಸ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ; ಅದು ಯಾವುದಿರಬೇಕು ಎಂಬುದನ್ನೂ ಅವರೇ ಹೇಳಿಬಿಡುತ್ತಾರೆ. ಮಣಿ ಪೋಣಿಸಬಹುದು, ಕುರ್ಚಿಯ ಬೆನ್ನಿಗೆ ಕ್ರೋಷಾ ಹೆಣೆಯಬಹುದು, ಹತ್ತಿಯ ಗೆಜ್ಜೆವಸ್ತ್ರ ಮಾಡಿ ಬೀದಿಗೆಲ್ಲ ಹಂಚಬಹುದು. ಇವನ್ನೆಲ್ಲ ನಾನೂ ಮಾಡಿದ್ದೇನೆ, ಯಾರೂ ಹುಬ್ಬೇರಿಸಲಿಲ್ಲ. ಆದರೆ ಒಮ್ಮೆ ಭಜನೆಯಲ್ಲಿ ಪಕ್ಕ ಕೂತಿದ್ದವರು "ಮಧ್ಯಾಹ್ನ ಹೊತ್ತು ಹೆಂಗ್ರೀ ಕಳೀತೀರ?" ಎಂದು ಕೇಳಿದಾಗ, ದೇವರ ಮುಂದೆ ಸುಳ್ಳೇಕೆ ಎಂದು ನಿಜವನ್ನೇ ಹೇಳಿದೆ: "ಕಂಪ್ಯೂಟರಿಗೆ ಕರ್ನೆಲ್ ಕಂಪೈಲ್ ಮಾಡ್ತೀನಿ." ಆಕೆ "ಅದಕ್ಕೆ ಬೆಲ್ಲಾನೋ ಸಕ್ಕರೇನೋ?" ಎಂದರು. "ಎರಡೂ ಬೇಡ, ಕರೆಂಟ್ ಇದ್ರೆ ಸಾಕು" ಎಂದೆ. ಅಂದಿನಿಂದ ಆಕೆ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಡುವಾಗ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೊಡುತ್ತಾರೆ. ಕೊಡಲಿ. ನಾನೇನು ಕದ್ದಿಲ್ಲವಲ್ಲ.

ನಮ್ಮ ಮನೆಯವರು ಲೆಕ್ಕಪತ್ರದ ಕೆಲಸದವರು. ಅವರ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯದೊಂದು ಮುಳಬಾಗಿಲಿನ ನಮ್ಮ ಮನೆಯ ನಡುಮನೆಗೆ ಬಂತು. ಕೆಲವೇ ದಿನಗಳಲ್ಲಿ ಅದಕ್ಕೆ ವೈರಸ್ ಬಡಿದು ಮಂಕಾಗಿ ಕೂತಿತು. ಅವರು ಅದರ ಮೇಲೆ ಟವಲ್ ಹೊದಿಸಿ ಕೈ ಬಿಟ್ಟರು. ಮದುವೆಗೆ ಮುಂಚೆ ನಾನು ಬಿ.ಎಸ್ಸಿ. ಮಾಡಿದ್ದೆ, ಆ ಗಣಿತವೆಲ್ಲ ಹಾಲಿನ ಕೂಪನ್ ಕೂಡುವುದರಲ್ಲೇ ಮುಗಿಯಿತೆಂದು ಎಲ್ಲರೂ, ನಾನೂ ಸೇರಿ, ಅಂದುಕೊಂಡಿದ್ದೆವು. ಬಸ್ ಸ್ಟ್ಯಾಂಡಿನ ಹತ್ತಿರ ಬ್ರೌಸಿಂಗ್ ಸೆಂಟರ್ ಇಟ್ಟಿರುವ ಅನ್ವರ್ ಭಾಯ್ ಕಂಪ್ಯೂಟರನ್ನು ಹೊಸದಾಗಿ ಎಬ್ಬಿಸಬಲ್ಲ ಲಿನಕ್ಸ್ ಎಂಬುದರ ಸಿ.ಡಿ.ಯೊಂದನ್ನು, ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದದ್ದು, ಕೊಟ್ಟು, "ಹಾಕಿ ನೋಡಿ ಅಕ್ಕಾ. ಹೆಂಗೂ ಸತ್ತಿರೋದು, ಇನ್ನೇನು ಸಾಯ್ತದೆ?" ಎಂದರು. ಹಾಕಿದೆ, ಎದ್ದು ಕೂತಿತು. ಆದರೆ ಮಾತಿಲ್ಲ. ಒಳಗಿದ್ದ ಹಳೆಯ ಸೌಂಡ್ ಕಾರ್ಡಿನ ಗುರುತೇ ಅದಕ್ಕೆ ಸಿಗಲಿಲ್ಲ.

ಮಾತು ನನಗೆ ಬೇಕೇಬೇಕಿತ್ತು. ನಮ್ಮ ಅತ್ತೆ ಒಂದು ಕಾಲದಲ್ಲಿ ಬೆಳಗಿನ ಹಾಡು ಹೇಳಿದರೆ ಬೀದಿಯವರು ನೀರಿನ ಬಿಂದಿಗೆ ಕೆಳಗಿಟ್ಟು ನಿಲ್ಲುತ್ತಿದ್ದರಂತೆ. ಗಂಟಲಿಗೆ ಏನೋ ತೊಂದರೆಯಾದ ಮೇಲೆ "ಈ ಒಡಕು ದನಿ ದೇವ್ರಿಗ್ಯಾಕೆ" ಎಂದು ಹಾಡುವುದನ್ನೇ ನಿಲ್ಲಿಸಿದ್ದರು. ದನಿ ಚೆನ್ನಾಗಿದ್ದಾಗ ತುಂಬಿಸಿದ ಕ್ಯಾಸೆಟ್ ಒಂದೇ ಉಳಿದಿತ್ತು. ಅದನ್ನೂ ಟೇಪ್ ರೆಕಾರ್ಡರು ಅರ್ಧ ನುಂಗಿತು. ಮಿಕ್ಕದ್ದನ್ನು ಅನ್ವರ್ ಭಾಯ್, ಕಂಪ್ಯೂಟರಿನಲ್ಲಿ ಮಾತ್ರ ಕೇಳಿಸುವ ಹಾಗೆ ಸಿ.ಡಿ.ಗೆ ಹಾಕಿಕೊಟ್ಟು, "ನಿಮ್ ಮಿಷನ್ ಮಾತಾಡ್ಬೇಕಂದ್ರೆ ಕರ್ನೆಲ್ಲೇ ಹೊಸದಾಗಿ ಕಟ್ಬೇಕು. ನಂಗೆ ಬರಲ್ಲ, ಖುದಾ ಕಸಂ" ಎಂದು ಇಂಟರ್‌ನೆಟ್ಟಿನಿಂದ ತೆಗೆದ ಹಾಳೆಗಳ ಕಟ್ಟೊಂದನ್ನು ಕೈಗಿಟ್ಟರು.

ಕರ್ನೆಲ್ ಎಂದರೇನು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಮನೆಯಲ್ಲಿ ಯಾರಿಗೆ ಯಾವಾಗ ಬಚ್ಚಲು, ಯಾರಿಗೆ ಮೊದಲು ಕಾಫಿ, ಯಾರು ಯಾರ ಮೈಮೇಲೆ ಬೀಳದ ಹಾಗೆ ಓಡಾಡಬೇಕು ಎಂದು ನೋಡಿಕೊಳ್ಳುವ ಒಬ್ಬಳು ಇರುತ್ತಾಳಲ್ಲ, ಕಂಪ್ಯೂಟರಿನ ಒಳಗೆ ಅವಳೇ ಕರ್ನೆಲ್. ಅವಳು ಮಲಗಿದ ದಿನವೇ ಅವಳಿದ್ದಾಳೆಂದು ತಿಳಿಯುವುದು. ಅವಳನ್ನು ನಮ್ಮ ಮನೆಗೆ ತಕ್ಕಂತೆ ಕಟ್ಟುವುದೇ ಕಂಪೈಲ್. ಕಟ್ಟುವ ಮುಂಚೆ ಕಂಪ್ಯೂಟರು ಮುಗಿಯದಷ್ಟು ಪ್ರಶ್ನೆ ಕೇಳುತ್ತದೆ. ಒಳಗಿನ ಒಂದೊಂದು ಸಾಮಾನನ್ನು ನಡೆಸುವ ವಿದ್ಯೆಯೂ ಕೈಗೆಟುಕುವ ಗೂಡಿನಲ್ಲಿರಲೋ, ಕರೆದಾಗ ಇಳಿಸಿಕೊಳ್ಳುವ ಹಾಗೆ ಅಟ್ಟದ ಮೇಲಿರಲೋ, ಬೇಡವೇ ಬೇಡವೋ? ನಾನು ಮಾಲೂರಿನ ಕಡೆಯವಳು. ಬೇಡದ ಕಲ್ಲನ್ನು ತೆಗೆದುಬಿಟ್ಟರೆ ವಿಗ್ರಹ ಎಂದು ಶಿಲ್ಪಿಗಳ ಶಿವಾರಪಟ್ಟಣದಲ್ಲಿ ಕಣ್ಣಾರೆ ಕಂಡವಳು. ಅದೇ ಹುಮ್ಮಸ್ಸಿನಲ್ಲಿ ಬೇಡದ್ದನ್ನೆಲ್ಲ ಕೆತ್ತಿ ಹಾಕಿದೆ, ಉಳಿದದ್ದನ್ನೆಲ್ಲ ಅಟ್ಟಕ್ಕೇರಿಸಿದೆ. ಎಷ್ಟು ಸಲ ಕಟ್ಟಿದರೂ "ಪ್ಯಾನಿಕ್" ಎಂದು ಕಪ್ಪು ಪರದೆಯ ಮೇಲೆ ಬರೆದು ನಿಂತುಬಿಡುತ್ತಿತ್ತು; ಮತ್ತೆ ಸಿ.ಡಿ.ಯಲ್ಲಿ ಬಂದ ಹಳೆಯ ಕರ್ನೆಲ್ಲಿನಿಂದಲೇ ಎಬ್ಬಿಸಬೇಕು. ಡಿಸ್ಕನ್ನು ಓದಲಾಗುತ್ತಿಲ್ಲ ಎಂಬುದು ಅದರ ದೂರು. ಡಿಸ್ಕು ಅಲ್ಲೇ ಇದೆ, ನನ್ನ ಕಣ್ಣೆದುರೇ ಗರಗರ ಎನ್ನುತ್ತಿದೆ!

ಅಷ್ಟರಲ್ಲಿ ಕೋಲಾರದಲ್ಲಿರುವ ಭಾವನವರಿಗೆ ಸುದ್ದಿ ಮುಟ್ಟಿತು. ಭಾವ ಎಂದರೆ ನಮ್ಮವರ ಅಣ್ಣ. ಕಂಪ್ಯೂಟರು ಕೂತ ಮೂಲೆಯಲ್ಲಿ ಟಿ.ವಿ. ಸ್ಟ್ಯಾಂಡ್ ಇರಬೇಕೆಂಬುದು ಅವರ ಬಹುಕಾಲದ ತೀರ್ಮಾನ. ಹಳೆಯ ಕಂಪ್ಯೂಟರು ಕೊಳ್ಳುವವನೊಬ್ಬನನ್ನು ಗೊತ್ತುಮಾಡಿ, ಒಂದು ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದರು. ಬಸ್ ಸ್ಟ್ಯಾಂಡಿನಿಂದ ಲಗೇಜ್ ಆಟೋವನ್ನೂ ಕರೆತಂದಿದ್ದರು.

"ಏನಮ್ಮಾ, ಮೂಗಿ ಇನ್ನೂ ಬಾಯಿ ಬಿಟ್ಟಿಲ್ವಂತೆ? ನಡಿ, ಸಾಗಿಸ್ಬಿಡೋಣ."

ನಮ್ಮವರು ಪೇಪರಿನ ಹಿಂದೆ ಅಡಗಿಕೊಂಡರು. ನಾನು ಸೆರಗು ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತೆ.

"ಭಾವ, ಇವತ್ತು ಶುಕ್ರವಾರ. ಲಕ್ಷ್ಮಿ ಬರೋ ದಿನ ಮನೆಯಿಂದ ಏನನ್ನೂ ಆಚೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ನಿಮಗೇ ಗೊತ್ತಲ್ಲ, ನೀವೇ ಹಿರಿಯರು."

"ಇದೇನ್ ಉಪ್ಪೇನಮ್ಮಾ? ಕಬ್ಣದ ಡಬ್ಬ!"

"ಕುಂಕುಮ ಇಟ್ಟಿದೀನಿ, ನೋಡಿ."

ಇಟ್ಟಿದ್ದೆ. ಆಯುಧಪೂಜೆಯದು, ಅಳಿಸಿರಲಿಲ್ಲ. ಭಾವ ಆಟೋದವನನ್ನು ಕಳಿಸಿ, "ಆಯ್ತು, ಇವತ್ತು ಇಲ್ಲೇ ಇರ್ತೀನಿ. ನಾಳೆ ಶನಿವಾರ, ಅದಕ್ಯಾವ ಪದ್ಧತಿ ಹೇಳ್ತೀಯೋ ನೋಡ್ತೀನಿ" ಎಂದು ಕುರ್ಚಿ ಎಳೆದು ಕೂತರು. ಒಂದು ದಿನ ಸಿಕ್ಕಿತು. ಸಣ್ಣ ಕೃಪೆಗಳನ್ನು ಎಣಿಸಿಕೊಳ್ಳುವ ಅಭ್ಯಾಸ ನನ್ನದು. ಇದನ್ನೂ ದೇವರಮನೆಯ ಸ್ವಾಮಿಯ ಲೆಕ್ಕಕ್ಕೆ ಸೇರಿಸಿದೆ.

ಆಗಲೇ ಒಳಗಿನಿಂದ ಅತ್ತೆಯ ಕೂಗು. ಸ್ನಾನ ಮುಗಿಸಿ ನೈವೇದ್ಯಕ್ಕೆ ಕೈಹಾಕಲು ಅವರಿಗೆ ಮಡಿಸೀರೆ ಬೇಕು. ಅದು ಸೂರಿನ ಹತ್ತಿರ, ಯಾರ ಕೈಗೂ ತಾಕದಂತೆ, ಗಳುವಿನ ಮೇಲೆ ಒಣಗುತ್ತದೆ. ಇಳಿಸಲು ಉದ್ದನೆಯ ಮಡಿಕೋಲು ಗೋಡೆಗೆ ಒರಗಿರುತ್ತದೆ. ಅಂದು ಒರಗಿರಲಿಲ್ಲ. ಹಿಂದಿನ ದಿನ ಸೀರೆ ಹರವುವಾಗ ನನ್ನ ತಲೆಯೆಲ್ಲ ಆ ಪ್ಯಾನಿಕ್ಕಿನಲ್ಲಿತ್ತು. ಸ್ಟೂಲಿನ ಮೇಲೆ ನಿಂತು ಸೀರೆಯ ಪಕ್ಕದಲ್ಲೇ ಕೋಲನ್ನೂ ಮೇಲಕ್ಕೆ ತಳ್ಳಿ ಬಂದಿದ್ದೆ.

"ಅಯ್ಯೋ ದೇವುಡಾ! ಮೇಲಿರೋದನ್ನ ಇಳ್ಸೋಕೆ ಕೋಲು ಕಣೇ. ಕೋಲನ್ನೇ ಮೇಲಿಟ್ರೆ ಅದನ್ನ ಯಾವುದ್ರಲ್ಲಿ ಇಳ್ಸೋದು, ನಿನ್ ಕಂಪ್ಯೂಟ್ರಲ್ಲಾ?"

ಕೂಗಿಗೆ ಒಳಗೆ ಬಂದಿದ್ದ ನಾನು ಸೌದೆ ಒಲೆಯ ಮುಂದೆ ಹಾಗೇ ನಿಂತೆ. ಅಟ್ಟದ ಮೇಲಿರುವುದೆಲ್ಲ ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದುವ ವಿದ್ಯೆಯನ್ನೂ ನಾನು ಅಟ್ಟಕ್ಕೇ ಏರಿಸಿದ್ದೆ! ಅದನ್ನು ಇಳಿಸಿಕೊಳ್ಳಲು ಡಿಸ್ಕನ್ನು ಓದಬೇಕು, ಓದಲು ಅದನ್ನು ಇಳಿಸಿಕೊಳ್ಳಬೇಕು. ಪಾಪ, ಪ್ಯಾನಿಕ್ ಆಗದೆ ಇನ್ನೇನಾದೀತು? "ಅತ್ತೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಎಂದು ನಡುಮನೆಗೆ ಓಡಿದೆ.

ಹಿಂದೆ ಅತ್ತೆಯ ಆಜ್ಞೆ ಕೇಳಿಸಿತು: "ಲೇ ದೊಡ್ಡೋನೇ, ಇವ್ಳು ಓಡಿದ್ಲು. ಮನೇಲಿ ಎತ್ತರ ಇರೋನು ನೀನೇ, ಬಾ ಇಲ್ಲಿ. ಬಸ್ಸಲ್ಲಿ ಬಂದ ಮೈಲಿಗೆ, ಮೊದ್ಲು ತಲೆಗೆ ನೀರು ಹಾಕ್ಕೋ." ಕಂಪ್ಯೂಟರು ಸಾಗಿಸಲು ಬಂದ ಭಾವ ತಣ್ಣೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ಸ್ಟೂಲ್ ಹತ್ತಿ, ನಡುಗುತ್ತ ಕೋಲಿಗೆ ಕೈ ಚಾಚುತ್ತಿದ್ದಾಗ ನಾನು ಡಿಸ್ಕಿನ ವಿದ್ಯೆಯನ್ನು ಕೈಗೆಟುಕುವ ಗೂಡಿಗೆ ಇಳಿಸಿ ಕಂಪೈಲ್ ಶುರುಮಾಡಿದ್ದೆ.

ಮಧ್ಯಾಹ್ನ ಕರೆಂಟ್ ಹೋಯಿತು. "ಶಿವಾಯ ನಮಃ" ಎಂದು ಭಾವ ಸಂತೋಷದಿಂದ ಅಡ್ಡಾದರು. ಕರೆಂಟ್ ಬಂದ ಮೇಲೆ ಕಂಪ್ಯೂಟರು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿತು. ಆಗಿರುವ ಕೆಲಸವನ್ನು ಇನ್ನೊಮ್ಮೆ ಮಾಡಿಸದ ಒಂದು ವಸ್ತುವಾದರೂ ಈ ಮನೆಯಲ್ಲಿದೆ ಎಂಬುದು ಆ ದಿನದ ಎರಡನೆಯ ಕೃಪೆ.

ದೀಪ ಹಚ್ಚುವ ಹೊತ್ತಿಗೆ ಕಂಪ್ಯೂಟರು ಪ್ಯಾನಿಕ್ ಇಲ್ಲದೆ ಎದ್ದಿತು. ಸಿ.ಡಿ. ಹಾಕಿದೆ. ಒಂದು ಕರಕರ, ಆಮೇಲೆ ಅತ್ತೆಯ ದನಿ. ಏರು ವಯಸ್ಸಿನ ಆ ದನಿ ನಡುಮನೆ ದಾಟಿ ಬೀದಿಗೆ ಹೋಯಿತು. ನಮ್ಮವರು ಪೇಪರ್ ಇಳಿಸಿದರು. ಭಾವ ಎದ್ದು ಕೂತು, "ಟಿ.ವಿ. ಸ್ಟ್ಯಾಂಡ್ ಆ ಕಡೆ ಗೋಡೆಗೂ ಹಾಕ್ಬೋದು ಬಿಡು" ಎಂದರು. ನಾನು ಅತ್ತೆಯ ಮುಖ ನೋಡಿದೆ. ಅವರು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು.

"ನಿಲ್ಸೇ ಅದನ್ನ! ಇಷ್ಟು ಓಡೋಡಿ ಹಾಡ್ತಿದ್ನಾ ನಾನು? ಬಸ್ ತಪ್ಪೋಗತ್ತೆ ಅನ್ನೋ ಹಂಗೆ! ದೇವ್ರನ್ನ ಎಬ್ಬಿಸೋದು ಹಿಂಗಲ್ಲ. ಕೇಳು ಇಲ್ಲಿ."

ಅಷ್ಟು ವರ್ಷ ಮುಚ್ಚಿದ್ದ ಬಾಯಿ ತೆರೆದು, ಒಡಕು ದನಿಯಲ್ಲೇ, ನಿಧಾನವಾಗಿ ಹಾಡಿ ತೋರಿಸಿದರು. ಮರುದಿನ ಬೆಳಿಗ್ಗೆಯೂ ತೋರಿಸಿದರು. ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ. ಸಿ.ಡಿ.ಯ ಮೇಲೆ ಈಗ ಸಾಂಬ್ರಾಣಿ ಕಡ್ಡಿಯ ಪೊಟ್ಟಣ ಕೂತಿದೆ.

ಹೀಗಾಗಿ ನಮ್ಮ ಕಂಪ್ಯೂಟರು ಹಾಡಬೇಕಾದ ಅಗತ್ಯವೇ ಈಗಿಲ್ಲ. ಇದನ್ನು ನಮ್ಮವರು ಪೇಪರಿನ ಮರೆಯಿಂದ ಆಗಾಗ ನೆನಪಿಸುತ್ತಾರೆ. ಇರಬಹುದು. ಆದರೆ ಹೊಸ ಕರ್ನೆಲ್ ಬಂದಿದೆಯೆಂದು ಅನ್ವರ್ ಭಾಯ್ ಹೇಳಿಕಳಿಸಿದ ದಿನ ನಾನು ಬೆಳಿಗ್ಗೆ ಉಪ್ಪಿಟ್ಟು ಮಾಡಿ, ಮಧ್ಯಾಹ್ನಕ್ಕೂ ಅದನ್ನೇ ಮುಚ್ಚಿಟ್ಟು, ಕೈಕಾಲು ತೊಳೆದು, ಸ್ವಾಮಿಗೆ ಕೈಮುಗಿದು ಕೂರುವವಳೇ. ಹೋದ ವಾರ ಕಟ್ಟಿದ್ದರಲ್ಲಿ ಕಂಪ್ಯೂಟರು ಮತ್ತೆ ಮೂಗಿಯಾಗಿದೆ. ಯಾರಿಗೂ ಗೊತ್ತಾಗಿಲ್ಲ, ಅತ್ತೆಯ ಹಾಡಿನ ನಡುವೆ ಅದರ ಮೌನ ಕೇಳಿಸುವುದಾದರೂ ಹೇಗೆ? ಮೂರನೆಯ ಕೃಪೆ.