ನಲವತ್ತು ಜೋಡಿ ಬೆಳ್ಳಿ ಕಣ್ಣು

ಸವಕಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಡಿವಾಳೆಪ್ಪ ಮಾಸ್ತರರ ಮೈ ಉರಿದುಹೋಯಿತು.

"ಅರ್ಧಾ ತೊಲಿ ಎಲ್ಲಿಗಿ ಹೋಕ್ಕೈತಿ?" ಎಂದು ಬೈಲಹೊಂಗಲದ ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡುವಂತೆ ಕೇಳಿದರು. "ಹತ್ತು ತೊಲಿ ಬೆಳ್ಳಿ ಕರಗಿಸಿದರ ಹತ್ತು ತೊಲಿನ ಇರಬೇಕು. ದ್ರವ್ಯ ನಾಶ ಆಗಂಗಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗರಿಗೆ ಇದನ್ನ ಕಲಸ್ತೇನಿ ನಾನು!"

"ನಿಮ್ಮ ಸಾಲ್ಯಾಗ ಆಗಂಗಿಲ್ಲೇನೋ ಸರ, ನಮ್ಮ ಕುಲುಮ್ಯಾಗ ಆಕ್ಕೈತ್ರಿ," ಎಂದ ಪತ್ತಾರ ಮೋನಪ್ಪ, ತಕ್ಕಡಿಯಿಂದ ಕಣ್ಣೆತ್ತದೆ. "ಸವಕಳಿ ಅರ್ಧಾ ತೊಲಿ, ಮಜೂರಿ ಬ್ಯಾರೆ. ಬೆಳ್ಳಿ ತೊಲಿಗೆ ಹದಿಮೂರು. ನಾಳಿ ಎಷ್ಟೋ ಗೊತ್ತಿಲ್ಲ."

ಅದು ಎಪ್ಪತ್ತನಾಲ್ಕರ ಬೇಸಿಗೆ ರಜೆ. ಮಾಸ್ತರರ ಮಗಳು ತವರಿನಲ್ಲಿ ಗಂಡು ಹಡೆದಿದ್ದಳು. ಹದಿಮೂರನೆಯ ದಿನಕ್ಕೆ ತೊಟ್ಟಿಲು. ಎಂ.ಕೆ. ಹುಬ್ಬಳ್ಳಿಯ ಬೀಗರು ಬರುವ ಹೊತ್ತಿಗೆ ಕೂಸಿನ ನಡುವಿನಲ್ಲಿ ಹತ್ತು ತೊಲೆಯ ಬೆಳ್ಳಿ ಉಡದಾರ ಇರಲೇಬೇಕು. ಹೆಂಡತಿ ದೇವಕ್ಕ ತೊಗರಿಬೇಳೆಯ ಡಬ್ಬಿಯಿಂದ ನೂರೈವತ್ತು ರೂಪಾಯಿ ತೆಗೆದು ಕೊಟ್ಟಾಗ ಎಚ್ಚರಿಸಿಯೇ ಕೊಟ್ಟಿದ್ದಳು: "ಕೂಸಿನ ನಡಾ ಬರಿ ಇದ್ದರ ಬೀಗತಿ ಕೂಸಿನ ಮಾರಿ ನೋಡಂಗಿಲ್ಲ, ನನ್ನ ಮಾರಿ ನೋಡತಾಳ. ಇವತ್ತ ತರ್ರಿ."

ಮಾಸ್ತರರು ಬಿ.ಎಸ್ಸಿ. ಓದಿದವರು. ಅಗ್ಗದ ಬೆಳ್ಳಿಯನ್ನು ಶಾಸ್ತ್ರೋಕ್ತವಾಗಿ ಕಂಡುಹಿಡಿದು ಈ ಪತ್ತಾರನ ಸೊಕ್ಕು ಮುರಿಯುವುದೆಂದು ಅಲ್ಲೇ ಶಪಥ ಮಾಡಿದರು. ಶಾಲೆಯ ಪ್ರಯೋಗಶಾಲೆಯ ಅಳತೆಗಾಜು ಕೈಚೀಲ ಸೇರಿತು.

ರಾಮದುರ್ಗದಲ್ಲಿ ಹಳೆಯ ರಾಣಿ ಛಾಪಿನ ರೂಪಾಯಿ ಸಿಕ್ಕವು. ವ್ಯಾಪಾರಿ ಬೆಳ್ಳಿಗೆ ಒಂದು ದರ, ರಾಣಿಯ ಮುಖಕ್ಕೆ ಇನ್ನೊಂದು ದರ ಕೇಳಿದ. "ರಾಣಿ ಸತ್ತು ಎಪ್ಪತ್ತು ವರ್ಷ ಆತು, ಇನ್ನೂ ಆಕಿಗಿ ಕಂದಾಯ ಕೊಡಬೇಕೇನು?" ಎಂದು ಹರಿಹಾಯ್ದು ಬಂದರು. ಸವದತ್ತಿಯಲ್ಲಿ ಅಗ್ಗದ ಕಡಗವೊಂದನ್ನು ಅಳತೆಗಾಜಿನಲ್ಲಿ ಮುಳುಗಿಸಿದರೆ ನೀರು ಲೆಕ್ಕ ಮೀರಿ ಏರಿತು; ಒಳಗೆ ಅರಗು ತುಂಬಿತ್ತು. ಅಲ್ಲೂ ಜಗಳ. ಇತ್ತ ಮೋನಪ್ಪನ ದರ ಹದಿಮೂರರಿಂದ ಹದಿನಾಲ್ಕಾಗಿ, ಹದಿನಾಲ್ಕೂವರೆಯಾಗಿತ್ತು. ಏರಿದಷ್ಟೂ ಮಾಸ್ತರರ ಸಿಟ್ಟು ಏರಿತು, ಸಿಟ್ಟು ಏರಿದಷ್ಟೂ ಬಸ್ಸು ಹತ್ತಿದರು. (ಬಸ್ ಚಾರ್ಜು ಬೆಳ್ಳಿಯ ಬೆಲೆಯಲ್ಲಿ ಸೇರುವುದಿಲ್ಲವೆಂಬುದು ಅವರ ಸಿದ್ಧಾಂತ.)

ಕೂಸು ಹುಟ್ಟಿದ ಹತ್ತನೆಯ ದಿನ ಎಲ್ಲಮ್ಮನ ಗುಡ್ಡದ ಬುಡದ ಉಗರಗೋಳದಲ್ಲಿ ನಿಧಿ ಕಂಡಿತು. ಶಟ್ಟೆವ್ವ ಎಂಬ ಮುದುಕಿಯ ಅಂಗಡಿ. ಬಳೆ, ಭಂಡಾರದ ಅರಿಸಿನ, ಕಾಯಿ. ಜೊತೆಗೆ ದೇವಿಗೆ ಹರಕೆ ಒಪ್ಪಿಸಲು ಬೆಳ್ಳಿ ತಗಡಿನ ಕಣ್ಣು, ಕೈ, ಕಾಲು, ನಾಲಿಗೆ. ಯಾವ ಅಂಗಕ್ಕೆ ಬೇನೆಯೋ ಆ ಅಂಗ. ಹೋದ ವರ್ಷ ತಂದ ಮಾಲು; ಮುದುಕಿ ಹೋದ ವರ್ಷದ ದರಕ್ಕೇ ಮಾರುತ್ತಿದ್ದಳು. ತೊಲೆಗೆ ಹತ್ತು ರೂಪಾಯಿ!

"ಎಲ್ಲಾ ಕಣ್ಣೂ ಕೊಡ್ರಿ," ಎಂದರು ಮಾಸ್ತರರು, ಉಸಿರು ಬಿಗಿಹಿಡಿದು.

"ನಲವತ್ತ ಜೋಡಿ ಅದಾವೋ ಯಪ್ಪಾ! ಯಾರಿಗಿ?"

ಕರಗಿಸಲಿಕ್ಕೆ ಎಂದರೆ ಕೊಡುವಳೇ? "ಹೆಂಡತಿಗೆ. ಏನೂ ಕಾಣಂಗಿಲ್ಲ."

"ಒಟ್ಟ ಕಾಣಂಗಿಲ್ಲ?"

"ಒಟ್ಟ."

ಮುದುಕಿಯ ಕಣ್ಣಲ್ಲಿ ನೀರು ಬಂತು. "ಮಜೂರಿ ಬ್ಯಾಡ ಬಿಡು ನನ್ನಪ್ಪಾ. ಹತ್ತು ತೊಲಿಗೆ ನೂರು ಕೊಡು ಸಾಕು."

ಮಾಸ್ತರರು ಎಂಬತ್ತು ಕಣ್ಣುಗಳನ್ನೂ ಅಳತೆಗಾಜಿಗೆ ಇಳಿಸಿದರು. ಇದಾವುದೋ ಅಭಿಷೇಕವೆಂದು ತಿಳಿದು ಶಟ್ಟೆವ್ವ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದಳು. ನೀರು ಹನ್ನೊಂದು ಗೆರೆ ಏರಿ ನಿಂತಿತು. ಹತ್ತು ತೊಲೆಗೆ ಸರಿಯಾದ ಲೆಕ್ಕ. ಅಪ್ಪಟ ಬೆಳ್ಳಿ! ಮುದುಕಿ ಆ ನೀರಿನ ಎರಡು ಹನಿಯನ್ನು ತನ್ನ ಕಣ್ಣಿಗೂ ಹಚ್ಚಿಕೊಂಡಳು.

ದಿಗ್ವಿಜಯದ ಗತ್ತಿನಲ್ಲಿ ಮಾಸ್ತರರು ಗಂಟನ್ನು ಮೋನಪ್ಪನ ಮುಂದೆ ಸುರಿದರು. "ಕರಗಸು!"

ಮೋನಪ್ಪ ಹಿಂದೆ ಸರಿದ. "ಆಗಂಗಿಲ್ರಿ."

"ತಗಡೋ ಇದು!"

"ನೋಡಾಕತ್ತಾವ್ರಿ ಸರ ಅವು. ನನಗೂ ಎರಡ ಅದಾವ, ಅವು ನನಗ ಬೇಕು."

ಎಷ್ಟು ಕೂಗಾಡಿದರೂ ಅವನು ಇಕ್ಕಳ ಮುಟ್ಟಲಿಲ್ಲ. ಮಾಸ್ತರರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

"ಅಲ್ಲೇ ನಿಂದರ್ರಿ!" ಹೊಸ್ತಿಲಲ್ಲಿ ದೇವಕ್ಕ. "ಬಾಣಂತಿ ಮನ್ಯಾಗ ಇದ್ದಾಳ, ಎಲ್ಲವ್ವನ ಕಣ್ಣ ಕಾಸಾಕ ಹೋಗಿದ್ರೇನ್ರಿ?"

"ಇನ್ನೂ ಗುಡಿಗಿ ಒಪ್ಪಿಸಿಲ್ಲ. ಅಂಗಡ್ಯಾಗಿಂದು. ಶಾಸ್ತ್ರದ ಪ್ರಕಾರ ಅದು ಬರೇ—"

"ಆಕಿ ಹೆಸರಿಲೆ ಬಡದದ್ದು ಆಕೀದ. ಇನ್ನೊಂದ ಮಾತ ಆಡಿದರ ನೋಡ್ರಿ!"

ಉಳಿದದ್ದು ಮೂರು ದಿನ, ಐವತ್ತಕ್ಕೂ ಕಡಿಮೆ ರೂಪಾಯಿ. ದೇವಕ್ಕ ಹೊಸ್ತಿಲ ಮೇಲೇ ಕುಳಿತಳು. ಮದುವೆಯಲ್ಲಿ ತವರಿನವರು ತೊಡಿಸಿದ್ದ ಕಾಲಿನ ಬೆಳ್ಳಿ ರುಳಿಗಳಿಗೆ ಎಣ್ಣೆ ಹಚ್ಚಿ, ಹಲ್ಲು ಕಚ್ಚಿ ಎಳೆದು ತೆಗೆದಳು. "ಇವನ್ನ ಮುರಸಿ ಉಡದಾರ ಮಾಡಸ್ರಿ. ಸವಕಳಿ ಅಂದರ ಉಸಿರ ಎತ್ತಬ್ಯಾಡ್ರಿ."

ಇಪ್ಪತ್ತೆರಡು ವರ್ಷ ಬಿಸಿಲು ಕಾಣದ ಆ ಕಾಲಿನ ಬಿಳಿಯ ಗೆರೆ ನೋಡುತ್ತಲೇ ಮಾಸ್ತರರು ರುಳಿಗಳನ್ನು ಎತ್ತಿಕೊಂಡು ಪೇಟೆಗೆ ಹೊರಟರು. ಮೋನಪ್ಪ ಅರ್ಧ ತೊಲೆ ಸವಕಳಿ ಹಿಡಿದ, ಮಜೂರಿ ತೆಗೆದುಕೊಂಡ. ಅವರು ಉಸಿರೆತ್ತಲಿಲ್ಲ.

ತೊಟ್ಟಿಲು ಸಾಂಗವಾಯಿತು. ಬೀಗತಿ ಉಡದಾರವನ್ನು ಕೈಯಲ್ಲಿ ತೂಗಿ ನೋಡಿ ತಲೆಯಾಡಿಸಿದಳು. ಮುಂದಿನ ಮಂಗಳವಾರ ದೇವಕ್ಕ ಗಂಡನ ಕೈಗೆ ಕಣ್ಣಿನ ಗಂಟು ಕೊಟ್ಟು, ಗುಡ್ಡದ ದೇವಿಗೆ ಒಪ್ಪಿಸಿ ಬರಲು ತಾನೂ ಹೊರಟಳು.

ಉಗರಗೋಳದಲ್ಲಿ ಇಳಿದವಳ ಕಣ್ಣು ನೆಟ್ಟಗೆ ಬಳೆಯ ಅಂಗಡಿಗೇ ಬಿತ್ತು. ಮಾಸ್ತರರು "ಹೊತ್ತಾತು, ಹೊತ್ತಾತು" ಎಂದದ್ದನ್ನು ಆಕೆ ಕೇಳಿಸಿಕೊಳ್ಳಲಿಲ್ಲ.

"ಆ ಹಸರು ಬ್ಯಾಡವ್ವಾ. ಅದರ ಬಾಜೂಕ ಐತೆಲ್ಲ, ಗಿಣಿ ಹಸರು, ಅದನ್ನ ತೋರಸು."

ಶಟ್ಟೆವ್ವ ಬಳೆ ತೆಗೆಯುತ್ತ, ಹಿಂದೆ ಕಂಬಕ್ಕೆ ಮರೆಯಾಗಿ ನಿಂತಿದ್ದ ಮಾಸ್ತರರನ್ನು ಕಂಡಳು. ಬಳೆ ಕೈಜಾರಿತು. "ಯವ್ವಾ! ಕಣ್ಣ ಬಂದೂವೇನ ನಿನಗ? ಗಿಣಿ ಹಸರೂ ಕಾಣತೈತೇನ?"

"ಯಾರ ಕಣ್ಣು?"

"ನಿಂದವ್ವಾ! ಹೆಂಡತಿಗಿ ಒಟ್ಟ ಕಾಣಂಗಿಲ್ಲಂತ ನಿನ್ನ ಗಂಡ ನಲವತ್ತ ಜೋಡಿ ಒಯ್ದ. ಪಾಪ ಅಂತ ನಾ ಮಜೂರಿನೂ ಬಿಟ್ಟೆ."

ದೇವಕ್ಕ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು. ಆಮೇಲೆ ಗಿಣಿ ಹಸಿರು ಬಳೆಗಳನ್ನು ಪಕ್ಕಕ್ಕಿಟ್ಟು ಬೆಳ್ಳಿಯ ತಟ್ಟೆಯತ್ತ ಬೆರಳು ತೋರಿಸಿದಳು.

"ಆ ನಾಲಿಗಿ ಒಂದ ಕೊಡು."

"ಯಾರಿಗವ್ವಾ?"

"ಇವರಿಗಿ."

"ಅಯ್ಯ, ಇವರಿಗಿ ಮಾತ ಬರ್ತಾವಲ್ಲ!"

"ಇವತ್ತಿನ ತನಕ ಬರತಿದ್ದೂವು. ದೊಡ್ಡದ ನೋಡಿ ಕೊಡು. ಇವತ್ತಿನ ರೇಟ ಹಚ್ಚು, ಮಜೂರಿ ಹಚ್ಚು, ಆವತ್ತ ಬಿಟ್ಟ ಮಜೂರಿನೂ ಹಿಡಿ. ಸವಕಳಿ ಇದ್ದರ ಅದನ್ನೂ ಹಿಡಿ."

ಅಳತೆಗಾಜು ಕೈಚೀಲದಲ್ಲೇ ಇತ್ತು. ಮಾಸ್ತರರು ಅದನ್ನು ಹೊರಗೆ ತೆಗೆಯಲಿಲ್ಲ. ಕೇಳಿದಷ್ಟು ಎಣಿಸಿಕೊಟ್ಟು, ನಾಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತೂಕ ಎಷ್ಟೆಂದು ಕೇಳದೆ ಹೆಂಡತಿಯ ಹಿಂದೆ ಗುಡ್ಡ ಹತ್ತತೊಡಗಿದರು.